ಆರು ಹಸಿರು ಗೆರೆಗಳು

ವಾರ್ಡಿನ ಆರು ಹಾಸಿಗೆಗಳ ನಾಡಿಬಡಿತವನ್ನು ಒಂದೇ ಪರದೆಯ ಮೇಲೆ ತೋರಿಸುವ ಹೊಸ ಯಂತ್ರ ಒಂಬತ್ತು ದಿನಗಳಿಂದ ಎಂಜಿನಿಯರ್ ಕುಮುದಿನಿಯ ಜೀವ ಹಿಂಡುತ್ತಿತ್ತು. ಒಂದೊಂದು ಹಾಸಿಗೆಯ ಪ್ರೋಗ್ರಾಮಿಗೂ ಮೆಮೊರಿಯಲ್ಲಿ ಅದರದೇ ಜಾಗ. ಒಂದು ಇನ್ನೊಂದರ ಜಾಗಕ್ಕೆ ಕೈಹಾಕಿದ ಕೂಡಲೇ, ಒಳಗೆ ಕಾವಲಿಗಿದ್ದ ‘ಕರ್ನಲ್’ ಎಂಬ ಮೂಲ ಪ್ರೋಗ್ರಾಮು ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ಹಾಗೆ ಕೈಹಾಕುತ್ತಿದ್ದುದು ಯಾವುದೆಂದು ಅವಳಿಗಿನ್ನೂ ಗೊತ್ತಾಗಿರಲಿಲ್ಲ.

“ಆ ಕಾವಲನ್ನೇ ತೆಗೆದುಬಿಡಮ್ಮ,” ಎಂದರು ಮ್ಯಾನೇಜರ್. “ಮಧ್ಯಾಹ್ನ ಡಾಕ್ಟರು ನೋಡೋಕೆ ಬರ್ತಾರೆ.”

“ತೆಗೆದ್ರೆ ತಪ್ಪು ಹೋಗಲ್ಲ ಸಾರ್. ನಮಗೆ ಕಾಣೋದು ನಿಲ್ಲುತ್ತೆ, ಅಷ್ಟೆ.”

“ಇವತ್ತಿಗೆ ಕಾಣದಿದ್ರೆ ಸಾಕು.”

ವಾದ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕೋಡಿನ ಒಂದು ಸಾಲು ಬದಲಿಸಿ ಕಾವಲು ತೆಗೆದಳು.

ಯಂತ್ರ ಮತ್ತೆ ನಿಲ್ಲಲಿಲ್ಲ. ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋಗುವವರೆಗೂ ಆರು ಹಸಿರು ಗೆರೆಗಳು ಒಂದೇ ಸಮನೆ ಓಡಿದವು. ಮ್ಯಾನೇಜರ್ ಎಲ್ಲರಿಗೂ ಕಾಫಿ ತರಿಸಿದರು. ಕುಮುದಿನಿ ಲೋಟ ಹಿಡಿದು ಗೋಡೆಗೊರಗಿ ಕಣ್ಣು ಮುಚ್ಚಿದಳು.

ವಾರ್ಡಿನ ನರ್ಸ್ ಪರದೆಯ ಮುಂದೆ ಸ್ವಲ್ಪ ಹೊತ್ತು ನಿಂತಳು.

“ಮೇಡಂ, ನಾಲ್ಕನೇ ಬೆಡ್‌ನೋರು ಬೆಳಿಗ್ಗೇನೇ ಡಿಸ್ಚಾರ್ಜ್ ಆಗಿ ಮನೆಗೆ ಹೋದ್ರಲ್ಲ,” ಎಂದಳು. “ಇಲ್ಲಿ ಓಡ್ತಿರೋದು ಯಾರ ಪಲ್ಸು?”