ಮೊದಲು ಅಪ್ಪನಿಗೆ

ಆಸ್ಪತ್ರೆಗೆ ಬಂದರೂ ನನ್ನ ಗಂಡನ ಬಾಯಿಗೆ ಬೀಗ ಬೀಳಲಿಲ್ಲ.

"ನಮ್ಮ ವಂಶದಲ್ಲಿ ಯಾರಿಗೂ ಲಿವರ್ ಕಾಯಿಲೆ ಇಲ್ಲ ಡಾಕ್ಟ್ರೇ. ಹುಟ್ಟುವಾಗ್ಲೇ ಮಗೂಗೆ ಪಿತ್ತನಾಳ ಮುಚ್ಕೊಂಡಿತ್ತು ಅಂದ್ರೆ, ಬಸುರೀಲಿ ಇವಳು ಕಂಡಿದ್ದೆಲ್ಲ ತಿಂದಿದಾಳೆ."

"ತಿಂದಿದ್ದಕ್ಕೆ ಬರೋ ಕಾಯಿಲೆ ಅಲ್ಲ ಇದು," ಎಂದರು ಡಾಕ್ಟರು.

"ನೀವು ಇವಳ ಪರ ಮಾತಾಡ್ಬೇಡಿ!"

ನಾನು ಹಲ್ಲು ಕಚ್ಚಿಕೊಂಡೆ. ಮಗಳು ಹುಟ್ಟಿದಾಗಿನಿಂದ ಕಚ್ಚಿಕೊಂಡೇ ಇದ್ದೇನೆ, ದವಡೆ ನೋಯುತ್ತದೆ.

ಹಸುಗೂಸಿದ್ದಾಗಲೇ ಅವಳಿಗೆ ಆ ನಾಳದ ಆಪರೇಷನ್ ಆಗಿತ್ತು; ಈಗ ಲಿವರ್ ಎಷ್ಟು ಕಲೆಗಟ್ಟಿ ಗಡುಸಾಗಿದೆ ಎಂದು ಯಂತ್ರದಲ್ಲಿ ನೋಡಬೇಕಿತ್ತು. ಚುಚ್ಚುವುದೇನೂ ಇಲ್ಲ, ಪಕ್ಕೆಗೆ ಒತ್ತಿ ಹಿಡಿದರೆ ಸಾಕು. ಆದರೂ ಸೂಜಿ ಕಂಡು ಕಂಡು ಬೆದರಿದ್ದ ಮಗು ನನ್ನ ಸೆರಗು ಬಿಡಲಿಲ್ಲ.

"ಮೊದಲು ಅಪ್ಪಂಗೆ ಮಾಡೋಣ್ವಾ ಪುಟ್ಟಿ?" ಎಂದು ಡಾಕ್ಟರು ಕೇಳಿದರು.

"ಮಾಡಿ, ಮಾಡಿ. ನಮ್ಮ ವಂಶದ ಲಿವರ್ ಹೇಗಿರುತ್ತೆ ಅಂತ ಇವಳೂ ನೋಡ್ಲಿ!" ಗಂಡ ಅಂಗಿ ಎತ್ತಿ ಮಲಗಿದ.

ಯಂತ್ರ ಟಕ್ ಟಕ್ ಎಂದಿತು. ಮಗಳು ಕಿಲಕಿಲ ನಕ್ಕು, "ಈಗ ನಂಗೆ," ಎಂದಳು.

ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ತಡಿ ಪುಟ್ಟಿ. ನೀವು ಏಳ್ಬೇಡಿ ಸಾರ್. ಎಷ್ಟು ವರ್ಷದಿಂದ ಕುಡೀತಿದೀರಿ?"