ಐದನೆಯ ಪಾತ್ರೆಗೆ ಜಾಗ

“ಕಳ್ಳರು! ಹಗಲುಗಳ್ಳರು!” ಎಂದು ಲೋವೆಲ್ ಸೌಟನ್ನು ಟಿವಿಯ ಕಡೆ ಬೀಸಿದ ರಭಸಕ್ಕೆ, ಅದರಲ್ಲಿದ್ದ ಸಾರು ಹಾರಿ ತೆರೆಯ ಮೇಲೆ ಮಾತಾಡುತ್ತಿದ್ದ ಕೋಟಿನವನ ಮೂಗಿನ ಮೇಲೆ ಕೂತಿತು.

ಈರುಳ್ಳಿ ಹೆಚ್ಚುತ್ತಿದ್ದ ಅವನ ಹೆಂಡತಿ ನಡೀನ್ ತಲೆಯೆತ್ತಲಿಲ್ಲ. “ಬಯ್ದು ಮುಗಿದ್ಮೇಲೆ ಹೇಳು, ಒಂದೇ ಸಲ ಒರೆಸ್ತೀನಿ,” ಎಂದಳು.

ಬಯ್ಯಲು ಕಾರಣವಿತ್ತು. ಅವರೂರಿನ ವಿಲೋ ಫೋರ್ಡ್ ಕಾಲೇಜಿನ ಫುಟ್‌ಬಾಲ್ ಹುಡುಗರು ಆ ವರ್ಷ ಒಂದೇ ಒಂದು ಪಂದ್ಯ ಸೋತಿರಲಿಲ್ಲ. ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತಿಗೆ ಸಮಿತಿಯವರು ಆರಿಸಿದ ತಂಡಗಳ ಹೆಸರನ್ನು ಟಿವಿಯಲ್ಲಿ ಈಗಷ್ಟೇ ಓದಿದ್ದರು. ಮೂರು ಕಡೆ ಒದೆ ತಿಂದು ಬಂದ ದೊಡ್ಡ ಕಾಲೇಜಿಗೆ ಜಾಗವಿತ್ತು. ಸಣ್ಣ ಕಾಲೇಜುಗಳಿಗೆಲ್ಲ ಸೇರಿಸಿ ಎಸೆದ ಒಂದೇ ಒಂದು ಜಾಗ ಪಶ್ಚಿಮದ ಇನ್ಯಾವುದೋ ಊರಿಗೆ ಹೋಯಿತು. ವಿಲೋ ಫೋರ್ಡಿನ ಹೆಸರು ಬರಲೇ ಇಲ್ಲ.

“ಆಡಿಸಿ ನೋಡೋಕೇನು ಧಾಡಿ? ಆಡಿಸ್ಲಿ, ಸೋತ್ರೆ ಬಾಯ್ಮುಚ್ಕೊಂಡು ಮನೆಗೆ ಬರ್ತೀವಿ!” ಎಂದು ಲೋವೆಲ್ ಅಗ್ನಿಶಾಮಕ ಠಾಣೆಯ ಮಾಡು ಹಾರುವಂತೆ ಕೂಗಿದ.

ಅವನು ಆ ಠಾಣೆಯ ನಿವೃತ್ತ ಕ್ಯಾಪ್ಟನ್. ಮಾಂಸ, ಕೆಂಪು ಕಾಳು, ಮೆಣಸಿನಪುಡಿ ಹಾಕಿ ಕುದಿಸುವ ಗಟ್ಟಿ ಚಿಲಿ ಸಾರಿನ ಸ್ಪರ್ಧೆ ಅಲ್ಲಿ ಪ್ರತಿ ಡಿಸೆಂಬರಿನಲ್ಲೂ ನಡೆಯುತ್ತಿತ್ತು. ಈ ವರ್ಷದ್ದು ಅವತ್ತೇ. ಊರವರು ರುಚಿ ನೋಡಿ, ಮೆಚ್ಚಿದ ಪಾತ್ರೆಯ ಮುಂದಿನ ಜಾಡಿಗೆ ಒಣಕಾಳು ಹಾಕುತ್ತಾರೆ. ಹೆಚ್ಚು ಕಾಳು ಬಿದ್ದವರ ಹೆಸರು ಗೋಡೆಯ ಹಿತ್ತಾಳೆ ಸೌಟಿಗೆ ಏರುತ್ತದೆ. ಸ್ಪರ್ಧೆಯ ಯಜಮಾನನೂ ಲೋವೆಲ್, ಎಷ್ಟೋ ವರ್ಷಗಳಿಂದ ಸೌಟು ಗೆಲ್ಲುತ್ತಿದ್ದವನೂ ಲೋವೆಲ್. ಈ ಎರಡಕ್ಕೂ ಏನೋ ನಂಟಿದೆ ಎಂದು ಯಾರಾದರೂ ಅಂದರೆ ಪಾಪ, ಅವನಿಗೆ ನಿಜವಾಗಿಯೂ ನೋವಾಗುತ್ತಿತ್ತು. ಮೇಜಿನ ಮೇಲೆ ನಾಲ್ಕೇ ಪಾತ್ರೆ: ಠಾಣೆಯ ಪರವಾಗಿ ಅವನದೊಂದು, ಎರಡು ಚರ್ಚಿನವು, ಹಳೇ ಸೈನಿಕರ ಸಂಘದ್ದೊಂದು. ಅಜ್ಜನ ಕಾಲದಿಂದ ಹಾಗೇ.

ಅಷ್ಟರಲ್ಲಿ ಬಾಗಿಲನ್ನು ಸೊಂಟದಿಂದ ದೂಡಿಕೊಂಡು ಬರ್ನಿಟಾ ಬಂದಳು. ಹೊಳೆಯಾಚೆ ಬಡವರ ಟ್ರೇಲರ್ ಮನೆಗಳಲ್ಲಿ ಇರುವವಳು, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಜಾಗದಲ್ಲಿ ಅಡುಗೆಯವಳು. ಕೈಯಲ್ಲಿ ಕೂಸಿನ ಹಾಗೆ ಟವೆಲು ಸುತ್ತಿದ ಪಾತ್ರೆ.

“ಎಲ್ಲಿಡ್ಲಿ, ಕ್ಯಾಪ್ಟನ್ರೇ? ಕೈ ಸುಡ್ತಿದೆ.”

“ಮನೇಲಿಡು. ಇಲ್ಲಿ ನಾಲ್ಕೇ ಜಾಗ.”

“ನಾನೂ ಈ ವರ್ಷ ಒಂದು ಚಿಲಿ ಸ್ಪರ್ಧೇಲೂ ಸೋತಿಲ್ಲ. ಬೌಲಿಂಗ್ ಪಂದ್ಯದ ದಿನ ಗೆದ್ದೆ, ಗಾಳದ ಅಂಗಡಿ ಮುಂದೆ ಗೆದ್ದೆ, ಹಂದಿ ಹರಾಜಿನ ದಿನಾನೂ ಗೆದ್ದೆ.”

ಲೋವೆಲ್ ನಕ್ಕ. “ಗೆದ್ದಿದ್ದು ಯಾರ ಮೇಲಮ್ಮಾ? ಗಾಳದ ಅಂಗಡಿಲಿ ನಿನ್ನೆದುರಿಗಿದ್ದವನು ಡಬ್ಬಿ ಸಾರಿಗೆ ನೀರು ಹುಯ್ಕೊಂಡು ಬಂದಿದ್ದ. ಎದುರಾಳಿಗಳಲ್ಲೇ ದಮ್ಮಿಲ್ಲ ಅಂದ್ಮೇಲೆ ಗೆದ್ರೆಷ್ಟು, ಬಿಟ್ರೆಷ್ಟು? ದೊಡ್ಡವರ ಜೊತೆ ಒಂದ್ಸಲಾನಾದ್ರೂ...”

ನಡೀನ್ ಚಾಕು ಕೆಳಗಿಟ್ಟು ಟಿವಿಯ ದನಿ ಏರಿಸಿದಳು. ಮೂಗಿನ ಮೇಲೆ ಸಾರು ಹೊತ್ತ ಸಮಿತಿಯ ಕೋಟಿನವನು ವಿಲೋ ಫೋರ್ಡಿನ ಬಗ್ಗೆ ಅದೇ ಮಾತನ್ನೇ ಹೇಳುತ್ತಿದ್ದ. ಲೋವೆಲ್‌ಗಿಂತ ಸ್ವಲ್ಪ ಮರ್ಯಾದೆಯಾಗಿ.

“ಅವನಿಗೆ ಗಂಟಲು ಒಣಗಿದ್ರೆ ನೀನೇ ಅವನ ಜಾಗದಲ್ಲಿ ಹೋಗಿ ಕೂತ್ಕೋಬಹುದು ಕಣೋ,” ಎಂದಳು ನಡೀನ್. “ಕೋಟೊಂದು ಹೊಲಿಸ್ಕೊಂಡ್ರೆ ಆಯ್ತು.”

“ಅದು ಬೇರೆ, ಇದು ಬೇರೆ! ಅದು ಬರೀ ಆಟ. ಇದು ಚಿಲಿ!”

“ನಿನ್ನೆಲೇಲಿ ಹೆಗ್ಗಣ ಸತ್ತು ಬಿದ್ದಿದೆ, ಅವರೆಲೆ ನೊಣ ಓಡಿಸ್ತಿದೀಯ.”

ಲೋವೆಲ್ ಕೆಂಪಗಾದ. ಅಜ್ಜನ ಕಾಲ ಎಂದ, ನಿಯಮ ಎಂದ, ಮೇಜಿನ ಕಾಲು ಸಡಿಲ ಎಂದ. ಐದನೆಯದಿಟ್ಟರೆ ಕುಸಿದೇ ಬಿಡುತ್ತದೆಂದು ತೋರಿಸಲು ತಾನೇ ಅಲ್ಲಾಡಿಸಿದ. ಮೇಜು ಮಿಸುಕಲಿಲ್ಲ.

ಬರ್ನಿಟಾ ಟವೆಲು ಬಿಚ್ಚಿ ಮುಚ್ಚಳ ತೆಗೆದಳು. “ಒಂದು ಚಮಚ ನೋಡಿ, ಕ್ಯಾಪ್ಟನ್ರೇ. ನೋಡಿ ಬೇಡ ಅನ್ನಿ, ಹೊರಟೆ. ನೋಡ್ದೇ ಬೇಡ ಅನ್ಬೇಡಿ.”

ಕೊಂಚ ಹೊತ್ತಿನ ಮುಂಚೆ ತಾನೇ ಕೂಗಿದ್ದ ಮಾತು. ಔಷಧಿ ಕುಡಿಯುವವನ ಮುಖ ಮಾಡಿಕೊಂಡು ಚಮಚ ಬಾಯಿಗಿಟ್ಟ.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿ ಬೆಚ್ಚಗಾಯಿತು. ಆಮೇಲೆ ಹುಬ್ಬು ತಾನಾಗಿ ಮೇಲೆ ಹೋಗಿ ಅಲ್ಲೇ ನಿಂತಿತು. ನ್ಯಾಯ ಹೇಳಬೇಕಾದವನು ಅವಸರಿಸಬಾರದೆಂದು ಎರಡನೆಯ ಚಮಚ ತಿಂದ. ಮೂರನೆಯದಕ್ಕೂ ನ್ಯಾಯಕ್ಕೂ ಏನೂ ಸಂಬಂಧವಿರಲಿಲ್ಲ.

ಹೊರಗೆ ಊರವರು ಮುಷ್ಟಿಯಲ್ಲಿ ಕಾಳು ಹಿಡಿದು ಚಳಿಗೆ ಕಾಲು ಕುಟ್ಟುತ್ತ ಬಾಗಿಲು ಬಡಿಯುತ್ತಿದ್ದರು. ಲೋವೆಲ್ ಗೋಡೆಯ ಹಿತ್ತಾಳೆ ಸೌಟನ್ನೊಮ್ಮೆ ನೋಡಿದ. ತನ್ನ ಪಾತ್ರೆಯನ್ನೊಮ್ಮೆ ನೋಡಿದ. ಉಸಿರೆಳೆದುಕೊಂಡು ಅದನ್ನು ಒಂದು ಮೊಳ ಆಚೆ ಸರಿಸಿದ. ಖಾಲಿಯಾದ ಜಾಗದಲ್ಲಿ ಬರ್ನಿಟಾ ತನ್ನ ಪಾತ್ರೆ ಇಟ್ಟು ಕೈ ಊದಿಕೊಂಡಳು.

“ಸೌಟು ಹೋಗುತ್ತೆ, ಗೊತ್ತಲ್ಲ?” ನಡೀನ್ ಮೆಲ್ಲಗೆ ಕೇಳಿದಳು.

ಲೋವೆಲ್ ಅವಳ ಕೈಯ ಒರೆಸುವ ಬಟ್ಟೆ ಕಸಿದು ಮೊದಲು ತನ್ನ ಕಣ್ಣೊರೆಸಿಕೊಂಡ. ಆಮೇಲೆ ಟಿವಿಯ ಹತ್ತಿರ ಹೋಗಿ ಕೋಟಿನವನ ಮೂಗನ್ನು ನಿಧಾನವಾಗಿ, ಸ್ವಂತ ತಮ್ಮನದನ್ನು ಒರೆಸುವ ಹಾಗೆ, ಒರೆಸಿದ.

“ಇವರು ನಮ್ಮ ಹುಡುಗರನ್ನ ಯಾಕೆ ಒಳಗೆ ಬಿಟ್ಕೊಳ್ಳಲ್ಲ ಅಂತ ಈಗ ಗೊತ್ತಾಯ್ತು ಕಣೇ,” ಎಂದ.