ಒಂಬತ್ತು ತೂತುಗಳ ಕೋಟು

ಮೇಲ್ಮನವಿ ನ್ಯಾಯಾಲಯದ ಮೇಜಿನ ಮೇಲೆ ಸಾಕ್ಷ್ಯದ ಗಂಟು ಬಿಚ್ಚಿದಾಗ ಹೊರಬಂದ ಸತ್ತವನ ಕೋಟಿನಲ್ಲಿ ಒಂದೇ ಒಂದು ತೂತೂ ಇರಲಿಲ್ಲ. ಕಟಕಟೆಯಲ್ಲಿ ನಿಂತಿದ್ದ ಬೀಗದ ಅಂಗಡಿಯವನ ಮುಖ ಬಿಳಿಚಿಕೊಂಡಿತು. ಮೂರು ವರ್ಷಗಳ ಹಿಂದೆ ಕಬ್ಬಿಣದ ಸರಳು ಹಿಡಿದು ಅಂಗಡಿಗೆ ನುಗ್ಗಿದ್ದ ಇಬ್ಬರಲ್ಲಿ ಒಬ್ಬನು ಅವನ ಗುಂಡಿಗೆ ಸತ್ತಿದ್ದ. ಸರಳೆತ್ತಿ ಮೈಮೇಲೆ ಬಂದವನಿಗೆ ಹೊಡೆದೆನೆಂಬುದು ಅವನ ಮಾತು. ಓಡಿಹೋಗುತ್ತಿದ್ದವನ ಬೆನ್ನಿಗೆ ಹೊಡೆದನೆಂಬುದು ಸರ್ಕಾರದ ಮಾತು. ಶವಪರೀಕ್ಷೆ ಮಾಡಿದ ವೈದ್ಯರು ‘ಗುಂಡು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಿದ್ದಿದೆ’ ಎಂದು ಬರೆದು, ಯಾವ ಕಡೆಯೆಂಬುದನ್ನು ಓದುವವರ ಊಹೆಗೆ ಬಿಟ್ಟು, ತಾವೂ ತೀರಿಕೊಂಡಿದ್ದರು. ಕೆಳಗಿನ ನ್ಯಾಯಾಲಯವಂತೂ ಗಂಟು ಬಿಚ್ಚುವ ಗೋಜಿಗೇ ಹೋಗದೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಹತ್ತಿರದಿಂದ ಹಾರಿದ ಗುಂಡು ಹೊಕ್ಕ ಕಡೆ ಬಟ್ಟೆ ಸುಟ್ಟಿರುತ್ತದೆ. ಆ ಸುಟ್ಟ ತೂತು ಕೋಟಿನ ಎದೆಯ ಮೇಲಿದ್ದರೆ ಬಿಡುಗಡೆ. ಇಲ್ಲವಾದರೆ, ಒಂದು ಕಾಲಕ್ಕೆ ಜೈಲಿಗೆ ತಾನೇ ಮಾರಿದ್ದ ಬೀಗಗಳ ಹಿಂದೆ ಉಳಿದ ಆಯುಷ್ಯ.

“ತೂತು ಎಲ್ರೀ?” ಎಂದರು ನ್ಯಾಯಾಧೀಶರು.

ಸಾಕ್ಷ್ಯದ ಗಂಟುಗಳನ್ನು ಕಾಯುವ ಗುಮಾಸ್ತನು ಎದ್ದು ನಿಂತ. “ಇಲಿ ಕಡಿದುಬಿಟ್ಟಿತ್ತು ಸ್ವಾಮಿ. ನನ್ನ ತಲೆ ಮೇಲೆ ಬರುತ್ತೆ ಅಂತ ರಫು ಮಾಡಿಸಿದೆ. ಇಲೀದು ಏಳು, ಗುಂಡಿಂದು ಎರಡು. ಯಾವುದು ಯಾವುದು ಅಂತ ನನಗೇನು ಗೊತ್ತು? ಒಂಬತ್ತನ್ನೂ ಮುಚ್ಚಿಸಿದೆ!” ಶಹಭಾಸ್‌ಗಿರಿ ನಿರೀಕ್ಷಿಸುವವನಂತೆ ಅವನು ಸುತ್ತಲೂ ನೋಡಿದ.

ಬಟ್ಟೆಯ ತೂತನ್ನು ಅದೇ ಬಟ್ಟೆಯ ಎಳೆಯಿಂದ ನೇಯ್ದು ಮುಚ್ಚುವ ರಫುಗಾರನಿಗೆ ಕರೆ ಹೋಯಿತು. ಕನ್ನಡಕವನ್ನು ಕಳೆದುಕೊಳ್ಳುವುದು ಅವನ ಅಭ್ಯಾಸವಾದ್ದರಿಂದ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೆಂಡತಿಯೂ ಬಂದಳು. ಅವನು ಕನ್ನಡಕ ಏರಿಸಿಕೊಂಡು ಕೋಟನ್ನು ಮಗುಚಿದ, ಕಿಟಕಿಯ ಬೆಳಕಿಗೆ ಹಿಡಿದ, ಮೂಗಿಗೆ ತಾಗುವಷ್ಟು ಹತ್ತಿರ ತಂದ. ಅವನ ಕಣ್ಣಲ್ಲಿ ನೀರಾಡಿತು.

“ಸಿಗ್ತಾ ಇಲ್ಲ ಸ್ವಾಮಿ.”

“ನಿಮ್ಮದೇ ಕೆಲಸ ಅಲ್ವೇನ್ರೀ?”

“ನಂದೇ. ಅದಕ್ಕೇ ಸಿಗ್ತಾ ಇಲ್ಲ.”

ಬೀಗದ ಅಂಗಡಿಯವನು ಕಟಕಟೆಯ ಮರಕ್ಕೆ ಹಣೆ ಹಚ್ಚಿದ. ಆಗ ಹಿಂದಿನ ಬೆಂಚಿನಿಂದ ರಫುಗಾರನ ಹೆಂಡತಿ ಎದ್ದು ಬಂದಳು. “ಕೊಡಿ ಇಲ್ಲಿ. ಮೂವತ್ತು ವರ್ಷದಿಂದ ಮನೇಲಿ ನಿಮ್ಮ ತಪ್ಪು ಹುಡುಕ್ತಾ ಇದ್ದೀನಿ. ಇವತ್ತೊಂದು ದಿನ ಸರ್ಕಾರಕ್ಕೋಸ್ಕರ ಹುಡುಕ್ತೀನಿ.”

ಆಕೆಗೆ ಪ್ರಮಾಣ ಮಾಡಿಸಿದರು. ಆಕೆ ಕಣ್ಣು ಮುಚ್ಚಿ, ತೋರುಬೆರಳನ್ನು ಬಟ್ಟೆಯ ಮೇಲೆ ನಿಧಾನವಾಗಿ ಸರಿಸುತ್ತಾ ಹೋದಳು. “ಇದು ಇಲೀದು. ಇದೂ ಇಲೀದು. ಬೆನ್ನಿನ ಮೇಲಿರೋದು ಬರೀ ಹರಿದದ್ದು. ಹಾಂ, ಸುಟ್ಟದ್ದು ಇಲ್ಲಿದೆ ನೋಡಿ, ಎಡಗಡೆ, ಎದೆ ಮೇಲೆ. ಸುಟ್ಟ ತೂತಾದ್ರೆ ಕರಕಲು ಅಂಚನ್ನ ಕತ್ತರಿಸಿ ತೆಗೀಬೇಕು. ಅಂಥ ಕಡೆ ಇವರ ಕೈ ಒಂದೆಳೆ ಬಿಗಿ ಹಿಡಿಯುತ್ತೆ. ಎಷ್ಟು ಬಡ್ಕೊಂಡ್ರೂ ಕೇಳಲ್ಲ.”

“ಬಿಗಿ? ನನ್ನ ಕೈ?” ಎಂದ ರಫುಗಾರ.

“ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತೆ ಅಂದ್ರೆ ನಂಬೋದು ಹೇಗೆ ಮಹಾಸ್ವಾಮಿ?” ಎಂದರು ಸರ್ಕಾರಿ ವಕೀಲರು.

ನ್ಯಾಯಾಧೀಶರಿಗೂ ಅದು ನ್ಯಾಯವಾದ ಪ್ರಶ್ನೆಯೆನಿಸಿತು. ಅವರು ತಮ್ಮ ಗೌನನ್ನು ಕಳಚಿ ಮುಂದೆ ಚಾಚಿದರು. “ಇದರಲ್ಲೂ ನಿಮ್ಮ ಯಜಮಾನರ ಕೆಲಸ ಒಂದಿದೆ. ಹುಡುಕಿ ನೋಡೋಣ.”

ಗೌನು ಕೈಗೆ ಬಂದ ಅರೆಗಳಿಗೆಯಲ್ಲಿ ಬೆರಳು ಬಲತೋಳಿನ ಬಳಿ ನಿಂತಿತು.

“ಭೇಷ್!” ನ್ಯಾಯಾಧೀಶರು ಮಗುವಿನಂತೆ ಹಿಗ್ಗಿದರು. “ಅದೇ ಜಾಗ! ಮೊಳೆಗೆ ಸಿಕ್ಕಿ ಹರಿದಿತ್ತು.”

“ಮೊಳೆ ಅಲ್ಲ ಸ್ವಾಮಿ, ಇದೂ ಸುಟ್ಟಿದ್ದೇ. ಇಷ್ಟೇ ಇಷ್ಟು, ದುಂಡಗೆ.” ಆಕೆ ಕಿರುಬೆರಳ ತುದಿಯನ್ನು ತೋರಿಸಿದಳು.

ಬೆರಳಚ್ಚುಗಾರನ ಯಂತ್ರ ನಿಂತುಹೋಯಿತು. ನ್ಯಾಯಾಲಯದ ಆವರಣದಲ್ಲಿ ಧೂಮಪಾನ ಮಾಡಿದವರನ್ನು ಕ್ಷಮಿಸಲಾಗದೆಂಬ ಫಲಕವನ್ನು ನ್ಯಾಯಾಧೀಶರು ಸ್ವಹಸ್ತದಿಂದ ಬರೆದು ಬಾಗಿಲಿಗೆ ತೂಗುಹಾಕಿಸಿದ್ದರು. ಒಂದು ಸಿಗರೇಟಿನ ಸಲುವಾಗಿ ಸರ್ಕಾರಿ ವಕೀಲರು ಹೋದ ವಾರವಷ್ಟೇ ಅದೇ ಫಲಕದ ಕೆಳಗೆ ಅರ್ಧ ದಿನ ನಿಂತಿದ್ದರು. ಈಗ ಅವರು ಅತ್ಯಂತ ವಿನಯದಿಂದ ಎದ್ದರು.

“ಮೊಳೆ ಅಂತ ತಾವೇ ಅಪ್ಪಣೆ ಕೊಡಿಸಿದ್ದೀರಿ. ಹಾಗಾದ್ರೆ ಸಾಕ್ಷಿಯ ಬೆರಳು ತಪ್ಪಿತು ಅಂತ ದಾಖಲಾಗಲಿ, ಮಹಾಸ್ವಾಮಿ.”

ನ್ಯಾಯಾಧೀಶರು ಫಲಕದ ಕಡೆ ನೋಡಿದರು. ಅಲ್ಲಿಂದ ಕಟಕಟೆಯ ಕಡೆ ನೋಡಿದರು. ಬೀಗದ ಅಂಗಡಿಯವನು ಕೋಟನ್ನು ಮರೆತು ಗೌನಿನ ತೋಳನ್ನೇ ದಿಟ್ಟಿಸುತ್ತಿದ್ದ.

“ಬರ್ಕೊಳ್ಳಿ,” ಎಂದರು ಅವರು ಕೊನೆಗೆ, ಗಂಟಲು ಸರಿಮಾಡಿಕೊಂಡು. “ಸಾಕ್ಷಿಯ ಬೆರಳು ನಂಬಲರ್ಹವಾಗಿದೆ. ಈ ವಿಷಯದಲ್ಲಿ ನ್ಯಾಯಾಲಯಕ್ಕೆ ಸ್ವಂತ ಅನುಭವವಿದೆ.”

ಸಂಜೆಯ ಹೊತ್ತಿಗೆ ಬಿಡುಗಡೆಯ ಆದೇಶವಾಯಿತು. ಬೀಗದ ಅಂಗಡಿಯವನು ಬಾಗಿಲು ದಾಟುವಾಗ ಅಭ್ಯಾಸಬಲದಿಂದ ಅದರ ಬೀಗವನ್ನೊಮ್ಮೆ ಜಗ್ಗಿ ನೋಡಿ ಹೊರಟುಹೋದ. ರಫುಗಾರ ಮಾತ್ರ ನಿಂತಲ್ಲಿಂದ ಕದಲಿರಲಿಲ್ಲ. ಕೋಣೆ ಬರಿದಾದ ಮೇಲೆ ಅವನು ನ್ಯಾಯಾಧೀಶರ ಮೇಜಿನ ಬಳಿ ಹೋಗಿ, ಹೊರಗೆ ಕಾಯುತ್ತಿದ್ದ ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿದ.

“ಗೌನು ಬಿಟ್ಟು ಹೋಗಿ ಸ್ವಾಮಿ. ಒಂದೆಳೆ ಸಡಿಲ ಮಾಡಿ ಕೊಡ್ತೀನಿ. ಆಮೇಲೆ ಇವಳಿಗೂ ಸಿಗಲ್ಲ.”